ಔಷಧಿ ಕೊಟ್ಟ ಕೋಳಿಯ ಮೊಟ್ಟೆ: ಲೆಕ್ಕ ಇಡಬೇಕಾದ್ದು ಹಳದಿಯದು

ಹಿತ್ತಲಲ್ಲಿ ನಾಲ್ಕಾರು ನಾಟಿ ಕೋಳಿಯನ್ನೋ ಗಿರಿರಾಜ, ಸ್ವರ್ಣಧಾರವನ್ನೋ ಸಾಕಿದ ಮನೆಯಲ್ಲಿ ಮೊಟ್ಟೆ ಮೊದಲು ಹೋಗುವುದು ಮಗುವಿನ ತಟ್ಟೆಗೆ, ಬಾಣಂತಿಗೆ, ಜ್ವರದಿಂದ ಎದ್ದವರಿಗೆ. ಅದಕ್ಕೇ ಕೋಳಿಗೆ ಔಷಧಿ ನಡೆಯುವಾಗ ಮೊಟ್ಟೆಯ ವಿಷಯದಲ್ಲಿ ಬಿಗಿಯಾಗಿರಬೇಕು. ಕೋಳಿ ಚೇತರಿಸಿಕೊಂಡು ಕೆದಕಲು ಶುರು ಮಾಡಿದ ಕೂಡಲೇ ಮೊಟ್ಟೆಯೂ ಸರಿಹೋಯಿತು ಅಂದುಕೊಳ್ಳುವವರು ಬಹಳ. ಕೋಳಿ ಗುಣವಾಗುವುದೇ ಬೇರೆ, ಮೊಟ್ಟೆ ಚೊಕ್ಕವಾಗುವುದೇ ಬೇರೆ.

ಮೊಟ್ಟೆಯಿಡುವ ಕೋಳಿಯನ್ನು ಕುಯ್ದವರು ಒಳಗಿನ ಗೊಂಚಲು ನೋಡಿರುತ್ತಾರೆ. ಸಾಸಿವೆಯಷ್ಟು ಚಿಕ್ಕವು, ಕಡಲೆಯಷ್ಟು, ಗೋಲಿಯಷ್ಟು, ಕೊನೆಗೆ ನಾಳೆಯೋ ನಾಡಿದ್ದೋ ಮೊಟ್ಟೆಯಾಗಬೇಕಾದ ಪೂರ್ತಿ ಹಳದಿ, ಎಲ್ಲ ಒಟ್ಟಿಗೇ ಬೆಳೆಯುತ್ತಿರುತ್ತವೆ. ಬಿಳಿ ಭಾಗ ಸುತ್ತಿಕೊಳ್ಳಲು ಸುಮಾರು 3 ಗಂಟೆ, ಚಿಪ್ಪು ಕಟ್ಟಲು ಸುಮಾರು 20 ಗಂಟೆ ಸಾಕು. ಹಳದಿ ಮಾತ್ರ ದೊಡ್ಡದಾಗಲು 10 ದಿನದ ಆಸುಪಾಸು ಹಿಡಿಯುತ್ತದೆ, ಅದೂ ಪದರದ ಮೇಲೆ ಪದರವಾಗಿ. ಕೊಬ್ಬಿನಲ್ಲಿ ಕರಗುವ ಬಣ್ಣವನ್ನು ಕೋಳಿಗೆ ತಿನ್ನಿಸಿ, ಆಮೇಲೆ ಇಟ್ಟ ಮೊಟ್ಟೆ ಬೇಯಿಸಿ ಕೊಯ್ದರೆ ಹಳದಿಯೊಳಗೆ ಬಣ್ಣದ ಉಂಗುರ ಕಾಣುತ್ತದೆ. ಔಷಧಿಯೂ ಹಾಗೆಯೇ ಪದರದಲ್ಲಿ ಕೂರುತ್ತದೆ. ಇವತ್ತು ಗೋಲಿಯಷ್ಟಿರುವ ಹಳದಿಗೆ ಸೇರಿದ ಔಷಧಿ ಕೈಗೆ ಸಿಗುವುದು ವಾರ ಕಳೆದ ಮೇಲೆ. ಬಿಳಿ ಭಾಗ ಎರಡು ಮೂರು ದಿನದಲ್ಲಿ ತಿಳಿಯಾಗಬಹುದು, ಹಳದಿ ಆಗುವುದಿಲ್ಲ.

ಬೇಯಿಸಿದರೆ ಹೋಗುತ್ತದಲ್ಲ ಅನ್ನುವ ಮಾತನ್ನು ನಂಬಬೇಡಿ. ಬೇಯಿಸಿದರೆ ಸಾಯುವುದು ರೋಗಾಣು. ಎನ್ರೋಫ್ಲಾಕ್ಸಾಸಿನ್‌ನಂಥ ಆ್ಯಂಟಿಬಯೋಟಿಕ್ ಔಷಧಿ ಕುದಿಯುವ ನೀರಿಗೆ ಜಗ್ಗುವುದಿಲ್ಲ, ಆಮ್ಲೆಟ್ ಮಾಡಿದರೂ ಅಷ್ಟೇ. ಪೆನ್ಸಿಲಿನ್ ಅಲರ್ಜಿ ಇರುವವರಿಗೆ ಮೊಟ್ಟೆಯಲ್ಲಿ ಉಳಿದ ಅಂಶವೇ ತೊಂದರೆ ಕೊಡಬಹುದು. ಚೂರುಚೂರು ಆ್ಯಂಟಿಬಯೋಟಿಕ್ ದಿನವೂ ಹೊಟ್ಟೆಗೆ ಹೋದರೆ ಒಳಗಿನ ರೋಗಾಣು ಔಷಧಿಗೆ ಬಗ್ಗದಂತೆ ಗಟ್ಟಿಯಾಗುತ್ತದೆ.

ಹಾಗಾದರೆ ಎಷ್ಟು ದಿನ? ಮೊದಲು ಬಾಟಲಿ ನೋಡಿ. 2012ರ ಜನವರಿಯಲ್ಲಿ ಕೇಂದ್ರ ಸರ್ಕಾರ ತಂದ ನಿಯಮದ ಪ್ರಕಾರ, ಮೊಟ್ಟೆ, ಹಾಲು, ಮಾಂಸ ಕೊಡುವ ಪ್ರಾಣಿಗಳ ಔಷಧಿಯ ಲೇಬಲ್ ಮೇಲೆ ವಿತ್‌ಡ್ರಾಯಲ್ ಅವಧಿ, ಅಂದರೆ ಕೊನೆಯ ಡೋಸ್ ಆದ ಮೇಲೆ ಎಷ್ಟು ದಿನ ಅವನ್ನು ತಿನ್ನದೆ ಬಿಡಬೇಕು ಅನ್ನುವುದು, ಇರಬೇಕು. ಆ ಔಷಧಿಗೆಂದೇ ಪರೀಕ್ಷಿಸಿದ ಅವಧಿ ಇಲ್ಲದಿದ್ದರೆ ಮೊಟ್ಟೆ, ಹಾಲಿಗೆ ಕನಿಷ್ಠ 7 ದಿನ, ಕೋಳಿ ಮಾಂಸಕ್ಕೆ ಕನಿಷ್ಠ 28 ದಿನ. ಈ 7 ದಿನ ಅನ್ನುವುದು ಕೆಳಗಿನ ಗಡಿ. ಹಳದಿ ಬೆಳೆಯಲು ಬೇಕಾದ ಕಾಲ ಗೊತ್ತಿದ್ದವರಿಗೆ ಅದು ಸಾಲದು ಅನ್ನಿಸುತ್ತದೆ. ಲೇಬಲ್ ಮೇಲೆ ಮೊಟ್ಟೆಗೆಂದು ಸ್ಪಷ್ಟ ಸಂಖ್ಯೆ ಇಲ್ಲದಿದ್ದರೆ ಎರಡು ವಾರ ಬಿಡುವುದೇ ಮೇಲು, ಪಶುವೈದ್ಯರು ಇನ್ನೂ ಹೆಚ್ಚು ಹೇಳಿದರೆ ಅವರು ಹೇಳಿದ್ದೇ ಲೆಕ್ಕ. ಸಲ್ಫಾ ಜಾತಿಯ ಔಷಧಿಗಳು, ಎನ್ರೋಫ್ಲಾಕ್ಸಾಸಿನ್, ಹುಳುವಿಗೆ ಕೊಡುವ ಐವರ್ಮೆಕ್ಟಿನ್ ಇವು ಮೊಟ್ಟೆಯನ್ನು ತಡವಾಗಿ ಬಿಡುವಂಥವು. ಇವನ್ನು ಮೊಟ್ಟೆಯಿಡುವ ಕೋಳಿಗೆ ಕೊಡುವ ಮೊದಲೇ ಎಷ್ಟು ದಿನ ಮೊಟ್ಟೆ ಬಿಡಬೇಕು ಅಂತ ಕೇಳಿ, ಬೇರೆ ಔಷಧಿ ಇದೆಯೇ ಅಂತಲೂ ಕೇಳಿ. ಕೊಲಿಸ್ಟಿನ್ ಅನ್ನುವ ಆ್ಯಂಟಿಬಯೋಟಿಕ್ ಇರುವ ಯಾವುದನ್ನೂ ಕೋಳಿಗೆ ಹಾಕುವಂತಿಲ್ಲ, 2019ರಲ್ಲೇ ನಿಷೇಧವಾಗಿದೆ.

ದಿನ ಎಣಿಸುವುದರಲ್ಲೇ ಹೆಚ್ಚು ಎಡವಟ್ಟು. ಎಣಿಕೆ ಶುರುವಾಗಬೇಕಾದ್ದು ಕೊನೆಯ ಡೋಸ್‌ನಿಂದ, ಮೊದಲ ಡೋಸ್‌ನಿಂದಲ್ಲ. 6ನೇ ತಾರೀಕು ಶುರು ಮಾಡಿ 10ನೇ ತಾರೀಕು ಸಂಜೆ ಮುಗಿಸಿದಿರಿ ಅನ್ನಿ. ಅವಧಿ 14 ದಿನ ಆದರೆ 11ನೇ ತಾರೀಕು ಒಂದನೇ ದಿನ, 24 ಹದಿನಾಲ್ಕನೇ ದಿನ. 25ರಂದು ಇಟ್ಟ ಮೊಟ್ಟೆ ಬಳಸಬಹುದು. 6ರಿಂದ 24ರವರೆಗಿನದೆಲ್ಲ ಬೇಡ. ನಡುವೆ ಮತ್ತೊಂದು ಡೋಸ್ ಹಾಕಿದರೆ ಎಣಿಕೆ ಮತ್ತೆ ಸೊನ್ನೆಯಿಂದ. ಇದನ್ನು ಗೋಡೆ ಕ್ಯಾಲೆಂಡರಿನಲ್ಲೇ ಬರೆಯಿರಿ, ಮನೆಯಲ್ಲಿ ಎಲ್ಲರ ಕಣ್ಣಿಗೂ ಬೀಳುತ್ತದೆ.

ಒಂದೇ ಕೋಳಿಗೆ ಔಷಧಿಯಾದರೆ ಅದನ್ನು ಬೇರೆ ಪಂಜರದಲ್ಲೋ ಮಂಕರಿಯಡಿಯಲ್ಲೋ ಇಟ್ಟು, ನೀರು, ಕಾಳು ಬೇರೆ ಕೊಡಿ. ಕಾಲಿಗೆ ಬಣ್ಣದ ನೂಲು ಸಡಿಲವಾಗಿ ಕಟ್ಟಿ. ಔಷಧಿ ಮುಗಿದು ಹಿಂಡಿಗೆ ಬಿಟ್ಟ ಮೇಲೂ ಎಣಿಕೆ ಮುಗಿದಿರುವುದಿಲ್ಲ, ಆಗ ಯಾವ ಮೊಟ್ಟೆ ಯಾರದು ಅಂತ ತಿಳಿಯಬೇಕಲ್ಲ. ಅದರ ಮಲದ್ವಾರದ ಸುತ್ತ ತಿನ್ನುವ ಬಣ್ಣ ಸವರಿದರೆ ಇಟ್ಟ ಮೊಟ್ಟೆಯ ಮೇಲೆ ಗೆರೆ ಮೂಡುತ್ತದೆ. ಆದರೂ ಅನುಮಾನ ಬಂದ ಮೊಟ್ಟೆಯನ್ನು ಬೇಡದ ಕಡೆಗೇ ಸೇರಿಸಿ. ಬೇಡದ್ದರ ಮೇಲೆ ಎತ್ತಿಕೊಂಡ ಕೂಡಲೇ ಪೆನ್ಸಿಲ್‌ನಲ್ಲಿ ಅಡ್ಡಗೆರೆ ಎಳೆಯಿರಿ. ಸ್ಕೆಚ್ ಪೆನ್ ಬೇಡ, ಚಿಪ್ಪಿನ ಸಣ್ಣ ರಂಧ್ರದಲ್ಲಿ ಶಾಯಿ ಒಳಗಿಳಿಯುತ್ತದೆ. ಕುಡಿಯುವ ನೀರಿಗೆ ಔಷಧಿ ಬೆರೆಸಿದ್ದರೆ ಮಾತ್ರ ವಿಂಗಡಿಸುವ ಪ್ರಶ್ನೆಯೇ ಇಲ್ಲ. ಯಾವುದು ಎಷ್ಟು ಕುಡಿಯಿತೋ ಯಾರಿಗೂ ಗೊತ್ತಿಲ್ಲ, ಹಿಂಡಿನ ಎಲ್ಲ ಮೊಟ್ಟೆಯೂ ಬಿಡಬೇಕು.

ಜಂತುಹುಳು ಔಷಧಿಗೆ ಒಳ್ಳೆಯ ಸಮಯವಿದೆ. ನಾಟಿ ಕೋಳಿ ಮರಿ ಮಾಡಿ ಮರಿಗಳ ಹಿಂದೆ ಓಡಾಡುವ ವಾರಗಳಲ್ಲಿ ಮೊಟ್ಟೆಯಿಡುವುದಿಲ್ಲ, ಗರಿ ಉದುರಿಸುವಾಗಲೂ ಇಡುವುದಿಲ್ಲ. ಆಗ ಕೊಟ್ಟರೆ ಒಂದು ಮೊಟ್ಟೆಯೂ ಹಾಳಾಗದೆ ಅವಧಿ ಕಳೆದುಹೋಗುತ್ತದೆ. ಫೆನ್‌ಬೆಂಡಜೋಲ್‌ನ ಕೆಲವು ತಯಾರಿಕೆಗೆ ಮೊಟ್ಟೆಗೆ ಸೊನ್ನೆ ದಿನ ಅಂತ ಇರುವುದು ನಿಜ, ಆದರೆ ಅದು ಕೋಳಿಗೆಂದೇ ಮಾಡಿದ ತಯಾರಿಕೆಗೆ, ಅದರಲ್ಲಿ ಹೇಳಿದ ಪ್ರಮಾಣಕ್ಕೆ. ದನದ ಮಾತ್ರೆ ಮುರಿದು ಅಂದಾಜಿನಲ್ಲಿ ಹಾಕಿದವರಿಗೆ ಆ ಸೊನ್ನೆ ಅನ್ವಯಿಸುವುದಿಲ್ಲ. ಮನುಷ್ಯರಿಗೆ ಕೊಟ್ಟು ಉಳಿದ ಟೆಟ್ರಾಸೈಕ್ಲಿನ್ ಕ್ಯಾಪ್ಸೂಲಿನದೂ ಇದೇ ಕತೆ, ಅದರ ಮೇಲೆ ಮೊಟ್ಟೆಯ ಲೆಕ್ಕವೇ ಇರುವುದಿಲ್ಲ. ಕೊಕ್ಕರೆ ರೋಗ, ಅಂದರೆ ರಾಣಿಖೇತ್, ಅಂತೂ ವೈರಸ್‌ನಿಂದ ಬರುವಂಥದ್ದು, ಯಾವ ಕ್ಯಾಪ್ಸೂಲಿಗೂ ವಾಸಿಯಾಗುವುದಿಲ್ಲ. ಅದಕ್ಕೆ ಮೊದಲೇ ಲಸಿಕೆ ಹಾಕಿಸಬೇಕು.

ಹೇನು, ಉಣ್ಣೆಯ ಔಷಧಿಯನ್ನು ಔಷಧಿ ಅಂತ ಯಾರೂ ಎಣಿಸುವುದಿಲ್ಲ. ಸಿಂಪಡಿಸುವ ಮೊದಲು ಗೂಡಿನ ಮೊಟ್ಟೆಯೆಲ್ಲ ತೆಗೆಯಿರಿ, ಹಳೆಯ ಹುಲ್ಲು ಬದಲಿಸಿ. ನಾಯಿಯ ಬೆನ್ನಿಗೆ ಹಚ್ಚುವ ಫಿಪ್ರೊನಿಲ್ ಹನಿಯನ್ನು ಕೋಳಿಗೆ ಹಚ್ಚಲೇಬೇಡಿ. ಅದು ಕೊಬ್ಬಿನಲ್ಲಿ ಕೂತು ವಾರಗಟ್ಟಲೆ ಮೊಟ್ಟೆಗೆ ಇಳಿಯುತ್ತದೆ. 2017ರಲ್ಲಿ ನೆದರ್‌ಲ್ಯಾಂಡ್ಸ್, ಬೆಲ್ಜಿಯಂ ಕಡೆ ಕೋಳಿಮನೆಗಳಲ್ಲಿ ಇದನ್ನು ಬಳಸಿದ್ದಕ್ಕೆ ಲಕ್ಷಗಟ್ಟಲೆ ಮೊಟ್ಟೆ ವಾಪಸ್ ತೆಗೆದು ನಾಶ ಮಾಡಬೇಕಾಯಿತು. ಗೂಡಿನಲ್ಲಿ ನುಸಿಗುಳಿಗೆ ಇಡುವ ಅಭ್ಯಾಸವೂ ಕೆಟ್ಟದ್ದು. ಕೋಳಿ ಹೊರಳಾಡುವ ಮಣ್ಣಿಗೆ ಜರಡಿ ಹಿಡಿದ ಒಲೆಯ ಬೂದಿ ಬೆರೆಸಿ, ಗೂಡಿನ ಗೋಡೆ ಸಂದಿಗೆ ಸುಣ್ಣ ಬಳಿದರೆ ಎಷ್ಟೋ ವಾಸಿ.

ಬ್ರಾಯ್ಲರ್ ಮರಿಗಳ ಫೀಡ್ ಮಿಕ್ಕಿದೆ ಅಂತ ಮೊಟ್ಟೆ ಕೋಳಿಗೆ ಹಾಕುವಾಗ ಚೀಲದ ಚೀಟಿ ಓದಿ. ರಕ್ತಭೇದಿ ತಡೆಯಲು ಬೆರೆಸುವ ನೈಕಾರ್ಬಜಿನ್ ಇದ್ದರೆ ಕಂದು ಮೊಟ್ಟೆಯ ಚಿಪ್ಪು ಬೆಳ್ಳಗಾಗುತ್ತದೆ, ಹಳದಿಯಲ್ಲಿ ಮಚ್ಚೆ ಮೂಡುತ್ತದೆ. ಕಣ್ಣಿಗೆ ಕಾಣುವ ಸುಳಿವು ಸಿಗುವುದು ಇಂಥ ಒಂದೆರಡರಲ್ಲಿ ಮಾತ್ರ. ಉಳಿದ ಔಷಧಿಗಳಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಬೇಡವಾದ ಮೊಟ್ಟೆಯನ್ನು ನಾಯಿಗೆ, ಬೆಕ್ಕಿಗೆ ಹಾಕಬೇಡಿ, ಬೇಯಿಸಿ ಕೋಳಿಗಳಿಗೇ ತಿನ್ನಿಸಬೇಡಿ. ಚಿಪ್ಪು ಪುಡಿ ಮಾಡಿ ಕೊಡುವುದನ್ನೂ ಅಷ್ಟು ದಿನ ನಿಲ್ಲಿಸಿ. ಕಾವಿಗೂ ಇಡಬೇಡಿ. ಬಾವಿಯಿಂದ ದೂರ ಎರಡು ಅಡಿ ಗುಂಡಿ ತೆಗೆದು, ಮೊಟ್ಟೆಗಳನ್ನು ಒಡೆದೇ ಹಾಕಿ, ಮೇಲೆ ಸುಣ್ಣ ಎರಚಿ ಮಣ್ಣು ಮುಚ್ಚಿ. ಇಡಿಯಾಗಿ ಹೂತರೆ ನಾಯಿ ಕೆದರಿ ತೆಗೆಯುತ್ತದೆ. ಯುಗಾದಿಯ ಮರುದಿನದ ಹೊಸತೊಡಕಿಗೋ ಜಾತ್ರೆಗೋ ಅಂತ ಎತ್ತಿಟ್ಟ ಕೋಳಿಯಾದರೆ ಮಾಂಸದ ಆ 28 ದಿನವನ್ನೂ ಹಬ್ಬದ ತಾರೀಕಿನಿಂದ ಹಿಂದಕ್ಕೆ ಎಣಿಸಿಕೊಂಡು, ಅಷ್ಟರೊಳಗೆ ಔಷಧಿ ಹಾಕಿದ್ದರೆ ಬೇರೆ ಕೋಳಿ ಹಿಡಿಯಿರಿ.