ಮುಂದಿನ ಶಾಕಪ್ ಎಣ್ಣೆ ಸೋರ್ತಿದ್ಯಾ? ಸೀಲ್ ತರೋಕ್ ಮುಂಚೆ ಪೈಪ್ ನೋಡಿ

ಬೈಕಿನ ಮುಂದಿನ ಶಾಕಪ್ಪಿಂದ ಎಣ್ಣೆ ಇಳಿದು ಅದಕ್ಕೆ ಧೂಳು ಮೆತ್ಕೊಂಡು ಕಪ್ಪಗಾಗಿದ್ರೆ ಮೆಕ್ಯಾನಿಕ್ ಹೇಳೋದು ಒಂದೇ ಮಾತು, "ಸೀಲ್ ಹೋಗಿದೆ ಸಾರ್". ಶಾಕಪ್ಪಿನ ಹೊಳೆಯೋ ಕ್ರೋಮ್ ಪೈಪ್ ಸುತ್ತ ಕೂತು ಎಣ್ಣೆ ಹೊರಗೆ ಬರದಂಗೆ ತಡೆಯೋ ರಬ್ಬರ್ ಬಳೆನೇ ಈ ಸೀಲ್. ಅದು ಹೋಗಿರೋದು ನಿಜಾನೇ ಇರಬಹುದು, ಆದ್ರೆ ಯಾಕೆ ಹೋಯ್ತು ಅಂತ ನೋಡ್ದೆ ಬರೀ ಸೀಲ್ ಹಾಕ್ಸಿದ್ರೆ ಸ್ವಲ್ಪ ದಿನಕ್ಕೆ ಮತ್ತೆ ಅದೇ ಕಥೆ.

ಮೊದ್ಲು ಎಲ್ಲಿಂದ ಬರ್ತಿದೆ ನೋಡಿ. ಪೈಪ್ ಪೂರ್ತಿ ಒರೆಸಿ, ಮುಂದಿನ ಬ್ರೇಕ್ ಹಿಡ್ಕೊಂಡು ಹ್ಯಾಂಡಲ್ ಮೇಲೆ ಭಾರ ಹಾಕಿ ನಾಲ್ಕೈದು ಸಲ ಒತ್ತಿ ಬಿಡಿ, ಪೈಪ್ ಸುತ್ತ ಬಳೆ ತರ ಎಣ್ಣೆ ಗೆರೆ ಬಿತ್ತು ಅಂದ್ರೆ ಆಯಿಲ್ ಸೀಲ್ ಸೋರ್ತಿದೆ. ಕೈಗೆ ಅಂಟಿತೋ ಇಲ್ವೋ ಅನ್ನೋಷ್ಟು ತೆಳು ಜಿಡ್ಡಿದ್ರೆ ತಲೆ ಕೆಡಿಸ್ಕೋಬೇಡಿ. ಮೇಲೆಲ್ಲಾ ಒಣಗಿದ್ದು ಕೆಳಗೆ ಆಕ್ಸಲ್ ಹತ್ರ ಮಾತ್ರ ತೊಟ್ಟಿಕ್ತಿದ್ರೆ ಅದು ಸಾಮಾನ್ಯವಾಗಿ ಅಡಿಯ ಆಲನ್ ಬೋಲ್ಟಿನ ವಾಷರ್, ಸೀಲ್ ತಂಟೆಗೇ ಹೋಗ್ಬೇಡಿ.

ಡಿಸ್ಕ್ ಬ್ರೇಕ್ ಕಡೆ ಸೋರ್ತಿದ್ರೆ ನಾಳೆ ನೋಡೋಣ ಅನ್ಬೇಡಿ. ಬ್ರೇಕ್ ಪ್ಯಾಡ್ ಎಣ್ಣೆ ಕುಡಿದಿದ್ರೆ ಹೊಸದೇ ಹಾಕ್ಬೇಕು, ಡಿಸ್ಕನ್ನ ಬ್ರೇಕ್ ಕ್ಲೀನರಲ್ಲಿ ಒರೆಸಿ.

ಎಷ್ಟೋ ಸಲ ಸೀಲ್ ಚೆನ್ನಾಗೇ ಇರತ್ತೆ, ಅದರ ತುಟಿಗೆ, ಅಂದ್ರೆ ಪೈಪಿಗೆ ತಾಗೋ ಒಳ ಅಂಚಿಗೆ, ಮರಳೋ ಕೆಸರೋ ಸಿಕ್ಕಾಕ್ಕೊಂಡಿರತ್ತೆ ಅಷ್ಟೇ, ಕೆಸರು ರಸ್ತೇಲಿ ಓಡಿಸೋರಿಗೆ ಇದು ಜಾಸ್ತಿ. ಆಯಿಲ್ ಸೀಲ್ ಮೇಲೆ ಧೂಳು ತಡೆಯೋಕೆ ಇರೋ ಡಸ್ಟ್ ಸೀಲನ್ನ ಸಣ್ಣ ಸ್ಕ್ರೂಡ್ರೈವರಲ್ಲಿ ಪೈಪಿಗೆ ಗೀರು ಬೀಳದಂಗೆ ಎಬ್ಬಿಸಿ, ಹಳೇ ಎಕ್ಸ್‌ರೇ ಫಿಲ್ಮಿಂದ ಉದ್ದಕ್ಕೆ ಒಂದು ಪಟ್ಟಿ ಕತ್ತರಿಸಿ ತುದೀಲಿ ಕೊಕ್ಕೆ ಮಾಡಿ, ಆಯಿಲ್ ಸೀಲಿಗೂ ಪೈಪಿಗೂ ಮಧ್ಯೆ ತೂರಿಸಿ ಒಂದು ಸುತ್ತು ಎಳೀರಿ. ಕೊಳೆ ಬರತ್ತೆ. ಒರೆಸಿ ಮತ್ತೆ ಒತ್ತಿ ನೋಡಿ, ನಿಂತ್ರೆ ದುಡ್ಡು ಉಳೀತು.

ನಿಲ್ಲಲಿಲ್ವಾ, ಪೈಪ್ ಮೇಲೆ ಉಗುರು ಆಡಿಸಿ, ಸೀಲ್ ಓಡಾಡೋ ಜಾಗದಲ್ಲಿ ಮೇಲಿಂದ ಕೆಳಗೆ ನಿಧಾನಕ್ಕೆ. ಎಲ್ಲಾದ್ರೂ ಉಗುರು ತಗುಲಿದ್ರೆ ಅಲ್ಲಿ ಕ್ರೋಮ್ ಎದ್ದಿದೆ ಅಥವಾ ತುಕ್ಕಿನ ಗುಂಡಿ ಬಿದ್ದಿದೆ, ಹೊಸ ಸೀಲ್ ಹಾಕಿದ್ರೂ ಅದೇ ಗುಂಡಿ ಅದನ್ನೂ ಹರಿದುಹಾಕತ್ತೆ. ಕರಾವಳಿ ಕಡೆ ಉಪ್ಪು ಗಾಳೀಲಿ ನಿಲ್ಲೋ ಗಾಡೀಲಿ ಇದು ಮಾಮೂಲಿ. ತೀರ ಸಣ್ಣ ಗೀರಾದ್ರೆ ನುಣುಪು ಎಮರಿ ಪೇಪರಿಗೆ ಎಣ್ಣೆ ಹಚ್ಚಿ ಚೂಪು ಹೋಗೋಷ್ಟು ಉಜ್ಜಬಹುದು, ಗುಂಡಿ ಆದ್ರೆ ಪೈಪೇ ಬದಲಾಯಿಸಿ ಇಲ್ಲಾ ಹಾರ್ಡ್ ಕ್ರೋಮ್ (ಗಟ್ಟಿ ಕ್ರೋಮ್ ಲೇಪನ) ಮಾಡ್ಸಿ. ಗಾಡಿ ಬಿದ್ದು ಪೈಪ್ ಬೆಂಡಾಗಿದ್ರೂ ಸೋರತ್ತೆ, ಬಿಚ್ಚಿದಾಗ ಗಾಜಿನ ಮೇಲೆ ಉರುಳಿಸಿ ನೋಡಿದ್ರೆ ಗೊತ್ತಾಗತ್ತೆ.

ಸೀಲ್ ನೀವೇ ಹಾಕೋದಾದ್ರೆ, ಇಂಜಿನ್ ಕೆಳಗೆ ಜಾಕೋ ಮರದ ದಿಮ್ಮಿಯೋ ಕೊಟ್ಟು ಮುಂದಿನ ಚಕ್ರ ಎತ್ತಿ. ಕ್ಯಾಲಿಪರನ್ನ, ಅಂದ್ರೆ ಬ್ರೇಕ್ ಪ್ಯಾಡ್ ಕೂತಿರೋ ಭಾಗಾನ, ಬಿಚ್ಚಿದ್ಮೇಲೆ ಬ್ರೇಕ್ ಹೋಸಿಗೆ ನೇತಾಡೋಕೆ ಬಿಡಬೇಡಿ, ತಂತೀಲಿ ಕಟ್ಟಿ. ಅಡಿಯ ಆಲನ್ ಬೋಲ್ಟನ್ನ ಸ್ಪ್ರಿಂಗ್ ಒಳಗಿರುವಾಗಲೇ ಸಡಿಲ ಮಾಡ್ಕೊಳ್ಳಿ, ಆಮೇಲಾದ್ರೆ ಒಳಗಿನ ರಾಡ್ ಕೂಡ ಜೊತೆಗೇ ಸುತ್ತತ್ತೆ. ಮೇಲಿನ ಕ್ಯಾಪ್ ಬಿಚ್ಚುವಾಗ ಮುಖ ದೂರ ಇಟ್ಕೊಳ್ಳಿ, ಸ್ಪ್ರಿಂಗ್ ಒತ್ತಡಕ್ಕೆ ಹಾರತ್ತೆ. ಸೀಲನ್ನ ಹಿಡಿದಿರೋ ತಂತಿ ಬಳೆ (ಸರ್‌ಕ್ಲಿಪ್) ತೆಗೆದು ಸೀಲ್ ಹೊರಗೆ ಬಂದ್ಮೇಲೆ, ಹೊಸ ಸೀಲಿಗೆ ಫೋರ್ಕ್ ಆಯಿಲ್ ಸವರಿ, ಪೈಪ್ ತುದಿಗೆ ಪ್ಲಾಸ್ಟಿಕ್ ಕವರ್ ಸುತ್ತಿ ಅದರ ಮೇಲೇ ಜಾರಿಸಿ, ಇಲ್ಲಾಂದ್ರೆ ಹಾಕುವಾಗಲೇ ತುಟಿ ಹರಿಯತ್ತೆ. ಸರಿಯಾದ ಅಳತೆಯ ಪಿವಿಸಿ ಪೈಪ್ ತುಂಡಿಟ್ಟು ಸಮವಾಗಿ ತಟ್ಟಿ ಕೂರಿಸಿ. ಎಣ್ಣೆ ಎಷ್ಟು ಎಂಎಲ್, ಯಾವ ಗ್ರೇಡ್ ಅನ್ನೋದು ಸರ್ವೀಸ್ ಮ್ಯಾನ್ಯುಯಲಲ್ಲಿ ಇರತ್ತೆ, ಅಳೆದೇ ಹಾಕಿ, ಎರಡು ಕಡೆಗೂ ಒಂದೇ ಸಮ. ಜಾಸ್ತಿ ಹಾಕಿದ್ರೆ ಒಳಗೆ ಒತ್ತಡ ಏರಿ ಹೊಸ ಸೀಲೂ ಸೋರತ್ತೆ. ಒಂದೇ ಕಡೆ ಸೋರ್ತಿದ್ರೂ ಎರಡೂ ಸೀಲ್ ಒಟ್ಟಿಗೆ ಹಾಕಿಬಿಡಿ, ಕೆಲಸ ಹೆಂಗೂ ಒಂದೇ.

ಹಿಂದಿನ ಶಾಕಪ್ ವಿಷಯ ಬೇರೆ. ಎಷ್ಟೋ ಸಲ ಚೈನ್ ಲ್ಯೂಬ್ ಸಿಡಿದಿರತ್ತೆ, ಅದನ್ನ ಲೀಕ್ ಅನ್ಕೊಂಡು ಹೆದರ್ತಾರೆ, ಒರೆಸಿ ಎರಡು ದಿನ ಓಡಿಸಿ ನೋಡಿ. ನಿಜವಾಗ್ಲೂ ಸೋರ್ತಿದ್ದು ಹಂಪ್ ದಾಟಿದ ಮೇಲೂ ಹಿಂಭಾಗ ಕುಣೀತಾನೇ ಇದ್ರೆ ಅದು ಮುಗೀತು, ಮಾಮೂಲಿ ಬೈಕುಗಳಲ್ಲಿ ಅದು ಬಿಚ್ಚೋಕಾಗದಂಗೆ ಮುಚ್ಚಿದ ಯೂನಿಟ್ಟು, ಎರಡಿದ್ರೆ ಜೋಡಿಯಾಗೇ ಬದಲಾಯಿಸಬೇಕು. ಗ್ಯಾಸ್ ಶಾಕಪ್ ಆಗಿದ್ರಂತೂ ಕೊರೆಯೋದು, ವೆಲ್ಡ್ ಮಾಡ್ಸೋದು ಬೇಡವೇ ಬೇಡ, ಒಳಗೆ ನೈಟ್ರೋಜನ್ ಒತ್ತಡದಲ್ಲಿ ತುಂಬಿರತ್ತೆ, ಸಿಡಿದ್ರೆ ಕೈ ಮುಖ ಉಳಿಯಲ್ಲ.