ಚಿಗಟ ನಾಯಿ ಮೈಮೇಲಲ್ಲ, ನಿಮ್ಮ ಪರಸಿ ಸಂದಿಯಲ್ಲಿದೆ

ಮೊನ್ನೆ ಮೊಮ್ಮಗ ನಮ್ಮ ನಾಯಿ ಮೋತಿಗೆ ವಾರದಲ್ಲಿ ಮೂರನೇ ಸಲ ಶಾಂಪೂ ಹಾಕಿದ. ತೊಳೆದು, ಒರೆಸಿ, ಮತ್ತೆ ಅದೇ ಹಳೇ ಕೌದಿ ಮೇಲೆ ಮಲಗಿಸಿದ. ಸಂಜೆಗೆ ನಾಯಿ ಕರಕರ ಕೆರೆದುಕೊಳ್ಳುತ್ತಿತ್ತು. "ಆಯಿ, ಈ ಶಾಂಪೂ ಸರಿ ಇಲ್ಲ" ಅಂತಾನೆ. ಶಾಂಪೂ ಏನು ಮಾಡೀತು ಪಾಪ!

ಹೆಣ್ಣು ಚಿಗಟ ದಿನಕ್ಕೆ 40–50 ಮೊಟ್ಟೆ ಇಡುತ್ತದೆ. ಅವು ಹೇನಿನ ಸೀರಿನ ಹಾಗೆ ಕೂದಲಿಗೆ ಅಂಟಿಕೊಳ್ಳುವುದಿಲ್ಲ. ನಾಯಿ ಮೈ ಕೊಡವಿದಲ್ಲೆಲ್ಲ ಉದುರುತ್ತವೆ. ಹುಳು ಆಗುವುದು, ಗೂಡು ಕಟ್ಟುವುದು ಎಲ್ಲ ನೆಲದಲ್ಲೇ. ನಮ್ಮ ಕಲಬುರಗಿ ಮನೆಗಳಲ್ಲಿ ಶಹಾಬಾದ್ ಪರಸಿ ಅಲ್ವಾ, ಎರಡು ಕಲ್ಲಿನ ನಡುವಿನ ಸಂದಿಯೇ ಅವುಗಳ ತವರುಮನೆ. ಮೇಲೆ ಮೇಲೆ ಬಟ್ಟೆ ಎಳೆದು ಕೈ ತೊಳೆದುಕೊಂಡರೆ ಹೋಗುತ್ತವೆಯೇ? ಹಳೇ ಟೂತ್‌ಬ್ರಷ್ ಹಿಡಿದು ಕೂತು ಸಂದಿ ತಿಕ್ಕಬೇಕು, ಕುದಿಯುವ ಸೋಪಿನ ನೀರು ಸುರಿಯಬೇಕು. ಬೆಕ್ಕಿರುವ ಮನೆಯಲ್ಲಿ ಫಿನಾಯಿಲ್ ಬೇಡ, ಬೆಕ್ಕು ಪಾದ ನೆಕ್ಕಿಕೊಳ್ಳುತ್ತದೆ, ಅದಕ್ಕೆ ವಿಷ.

ಕೌದಿಯನ್ನೂ ಬಿಸಿನೀರಲ್ಲಿ ನೆನೆಸಿ, ಒಗೆದು, ಮಾಳಿಗೆ ಮೇಲೆ ಹರವಿ. ಬೇಸಿಗೆಯಲ್ಲಿ ನಮ್ಮ ಬಿಸಿಲೇ ಸಾಕು. ಮಳೆಗಾಲದಲ್ಲಿ ನೆಲ ಥಂಡಿ ಹಿಡಿದಾಗ ಇವುಗಳ ಕಾಟ ಜಾಸ್ತಿ. ಅಂದಹಾಗೆ ಬಿಸಿಲಿಗೆ ಹೋದವರು ತೊಗರಿಬೇಳೆಯನ್ನೂ ಹರವಿ ಬನ್ನಿ. ಆದರೆ ಬಿಸಿಬಿಸಿ ಇರುವಾಗಲೇ ಡಬ್ಬಿಗೆ ತುಂಬಬೇಡಿ. ಒಳಗೆ ಬೆವರುತ್ತದೆ, ಆಮೇಲೆ ಹುಳ ಬಿತ್ತು ಅಂತ ಅಂಗಡಿಯವನನ್ನು ಬೈಯುತ್ತೀರಿ.

ಸ್ನಾನ ಮಾಡಿಸುವಾಗ ಮೊದಲು ಕುತ್ತಿಗೆ ಸುತ್ತ ನೊರೆ ಹಚ್ಚಿ. ಇಲ್ಲದಿದ್ದರೆ ಎಲ್ಲ ಚಿಗಟ ತಲೆಗೆ ಏರಿ ಕಿವಿಯೊಳಗೆ ಕೂರುತ್ತವೆ.

ಇನ್ನು ನನ್ನ ಪರಾತದ ಉಪಾಯ. ಇದನ್ನು ಯಾರೂ ನೆಟ್ಟಗೆ ಮಾಡುವುದಿಲ್ಲ. ಪರಾತ ಅಗಲ ಇರಬೇಕು, ಅಂಚು ಗಿಡ್ಡ ಇರಬೇಕು. ನೀರು ಬೆರಳಿನ ಒಂದು ಗೆರೆಯಷ್ಟು. ಅದಕ್ಕೆ ಭಾಂಡೆ ತಿಕ್ಕುವ ಸೋಪು ಎರಡು ತೊಟ್ಟು. ನೊರೆ ಎಬ್ಬಿಸಬೇಡಿ, ಸುಮ್ನೆ ಬೆರಳಾಡಿಸಿ. ಬರೀ ನೀರಾದರೆ ಚಿಗಟ ಮೇಲೆಯೇ ತೇಲಿ ಹಾರಿಹೋಗುತ್ತದೆ, ಸೋಪಿದ್ದರೆ ಮುಳುಗುತ್ತದೆ. ನಡುವೆ ಬಟ್ಟಲು ಬೋರಲು ಹಾಕಿ ಅದರ ಮೇಲೆ ಪಣತಿ ಹಚ್ಚಿಡಿ. ಕೋಣೆಯ ಬೇರೆ ದೀಪ ಆರಿಸಿ. ಬೆಳಕಿಗೂ ಬಿಸಿಗೂ ಅವು ಹಾರಿ ಬರುತ್ತವೆ. ಜಾಗ ನಾಯಿ ಮಲಗುವ ನೆಲವೇ ಆಗಬೇಕು. ನನ್ನ ಸೊಸೆ ಮೇಜಿನ ಮೇಲೆ ಇಟ್ಟು "ಒಂದೂ ಬೀಳಲಿಲ್ಲ" ಅಂದಳು! ನಾಯಿ, ಬೆಕ್ಕು, ಮಕ್ಕಳು ಹೊರಗಿರಲಿ. ಪಣತಿ ಉರಿಯುವಷ್ಟು ಹೊತ್ತು ನೀವು ಅಲ್ಲೇ ಕೂತಿರಿ.

ಇಡುವ ಮುಂಚೆ ಆ ಜಾಗದಲ್ಲಿ ದಪದಪ ತುಳಿದಾಡಿ. ಇದು ನನಗೆ ಚಿಕ್ಕಂದಿನಲ್ಲೇ ಗೊತ್ತಾಯಿತು. ನಾವು ಚಿತ್ತಾಪುರದಿಂದ ಶರಣಬಸವೇಶ್ವರ ಜಾತ್ರೆಗೆ ಬಂದು, ಎಂಟು ದಿನ ಮನೆಗೆ ಬೀಗ ಹಾಕಿದ್ದೆವು. ವಾಪಸ್ ಹೋಗಿ ಒಳಗೆ ಕಾಲಿಟ್ಟರೆ ಮೊಣಕಾಲಿನವರೆಗೆ ಚಿಗಟ! ಗೂಡಿನೊಳಗೆ ಅವು ತಿಂಗಳುಗಟ್ಟಲೆ ಕಾಯಬಲ್ಲವು. ನೆಲ ಅದುರಿದರೆ, ಬಿಸಿ ಉಸಿರು ತಾಗಿದರೆ ಹೊರಗೆ ಬರುತ್ತವೆ. ಅವ್ವ ಆ ರಾತ್ರಿ ಪರಾತ ಇಟ್ಟಳು, ಎಣಿಸುವ ಕೆಲಸ ನನ್ನದು. ಈಗಲೂ ನಾನು ಎಣಿಸುತ್ತೇನೆ. ಪರಾತ ಒಂದರಿಂದಲೇ ಚಿಗಟ ತೀರುವುದಿಲ್ಲ. ಇನ್ನೂ ಎಷ್ಟು ಉಳಿದಿವೆ ಅಂತ ಲೆಕ್ಕ ಹೇಳುತ್ತದೆ ಅಷ್ಟೇ.

ತೊಗರಿ ಬೆಳೆಗೆ ಹೊಡೆಯುವ ಕೀಟನಾಶಕ ಉಳಿದಿದೆ ಅಂತ ನಾಯಿಗೆ ಸವರುವವರನ್ನು ಕಂಡಿದ್ದೇನೆ. ಬುದ್ಧಿ ಬೇಡವೇ? ನಾಯಿ ನೆಕ್ಕುತ್ತದೆ, ಸಾಯುತ್ತದೆ. ಸೀಮೆಎಣ್ಣೆಯೂ ಬೇಡ. ಪರ್ಮೆಥ್ರಿನ್ ಅನ್ನುವ ಕೀಟನಾಶಕ ಇರುವ ನಾಯಿ ಔಷಧಿ ಬೆಕ್ಕಿಗೆ ವಿಷ. ದನದ ದವಾಖಾನೆಯಲ್ಲಿ ತೂಕ ಹೇಳಿ ಔಷಧಿ ಕೇಳಿ. ತೀರಾ ಚಿಕ್ಕ ಮರಿಗಳಿಗೆ ಸೀರು ತೆಗೆಯುವ ಹಣಿಗೆಯೇ ಸಾಕು. ಒಸಡು ಬೆಳ್ಳಗಾಗಿದ್ದರೆ ತಡ ಮಾಡಬೇಡಿ, ರಕ್ತ ಕಮ್ಮಿಯಾಗಿದೆ. ಬಾಲದ ಕೆಳಗೆ ಅಕ್ಕಿಕಾಳಿನಂಥದ್ದು ಕಂಡರೆ ಲಾಡಿಹುಳ. ಅದೂ ಚಿಗಟವನ್ನು ನುಂಗಿದ್ದರಿಂದಲೇ.

ಮತ್ತೆ ಆ ಪರಾತ ಬೇರೆಯೇ ಇರಲಿ. ರೊಟ್ಟಿ ಹಿಟ್ಟು ನಾದುವುದನ್ನು ತೆಗೆದುಕೊಂಡು ಹೋದರೆ ನನ್ನ ಹತ್ತಿರ ಬೈಸಿಕೊಳ್ಳುತ್ತೀರಿ.