ಎಲುಬು ಮುರಿದಾಗ: ತೋಟದಿಂದ ಪ್ಲಾಸ್ಟರ್ ಬಿಚ್ಚುವವರೆಗೆ

ಶಿರಸಿ, ಸಿದ್ದಾಪುರದ ಕಡೆ ಎಲುಬು ಮುರಿಯೋದಕ್ಕೆ ದೊಡ್ಡ ಕಾರಣ ಬೇಕಿಲ್ಲ. ಕೊಳೆ ರೋಗಕ್ಕೆ ಮದ್ದು ಹೊಡೆಯಲು ಮಳೆಯಲ್ಲೇ ಅಡಿಕೆ ಮರ ಹತ್ತಬೇಕು. ಮನೆಯೆದುರಿನ ಅಂಗಳ ಪಾಚಿ ಕಟ್ಟಿರುತ್ತದೆ. ಕರಾವಳಿಗೆ ಇಳಿದರೆ ಬಂದರಿನ ಒದ್ದೆ ಕಟ್ಟೆ, ಹೆದ್ದಾರಿಯ ಬೈಕು. ಬಿದ್ದ ಮೇಲೆ ಏನು ಮಾಡಬೇಕು ಎನ್ನುವುದಕ್ಕಿಂತ ಮೊದಲು ಒಂದು ಮಾತು. ಎಲುಬನ್ನು ಕೂಡಿಸುವುದು ಎಣ್ಣೆಯಲ್ಲ, ಡಾಕ್ಟರೂ ಅಲ್ಲ. ಅದು ತಾನೇ ಕೂಡಿಕೊಳ್ಳುತ್ತದೆ. ಅದನ್ನು ನೇರವಾಗಿ, ಅಲುಗಾಡದಂತೆ ಇಟ್ಟು, ರಕ್ತ ಓಡಾಡಲು ದಾರಿ ಬಿಡುವುದಷ್ಟೇ ನಮ್ಮ ಕೆಲಸ.

ಮೊದಲ ಗಂಟೆ

ಮರದಿಂದ ಬಿದ್ದವರನ್ನು ತಕ್ಷಣ ಎಬ್ಬಿಸಿ ಕೂರಿಸಬೇಡಿ. ಕುತ್ತಿಗೆ ಅಥವಾ ಬೆನ್ನು ನೋಯುತ್ತಿದೆಯಾ, ಕೈಕಾಲು ಜೋಮು ಹಿಡಿದಿದೆಯಾ ಕೇಳಿ. ಹೌದು ಎಂದರೆ ಮಲಗಿದಲ್ಲೇ ಇರಲಿ, 108ಕ್ಕೆ ಫೋನ್ ಮಾಡಿ. ತೋಟದಿಂದ ರಸ್ತೆವರೆಗೆ ಹೊರಲೇಬೇಕಾದರೆ ಕಂಬಳಿಯಲ್ಲಿ ಜೋಲಿ ಕಟ್ಟಬೇಡಿ, ಬೆನ್ನು ಬಾಗುತ್ತದೆ. ಅಗಲದ ಹಲಗೆಯೋ ಬಾಗಿಲೋ ಬೇಕು. ತಲೆ, ಕುತ್ತಿಗೆ, ಬೆನ್ನು ಒಂದೇ ಸಾಲಿನಲ್ಲಿ ಇರುವಂತೆ ನಾಲ್ಕೈದು ಜನ ಸೇರಿ ಒಟ್ಟಿಗೆ ಎತ್ತಬೇಕು.

ಕೈಯೋ ಕಾಲೋ ಮಾತ್ರ ಮುರಿದಿದ್ದರೆ ಉಂಗುರ, ಬಳೆ, ವಾಚು ಮೊದಲು ತೆಗೆಯಿರಿ. ಬಾವು ಬಂದ ಮೇಲೆ ಅವು ಹೊರಬರುವುದಿಲ್ಲ. ಆಮೇಲೆ ಆಸರೆ ಕಟ್ಟಬೇಕು. ಅದಕ್ಕೆ ಒಣಗಿದ ಅಡಿಕೆ ಹಾಳೆ ಚೆನ್ನಾಗಿ ಆಗುತ್ತದೆ, ಹಗುರ ಮತ್ತು ಗಟ್ಟಿ. ಅಡಿಕೆ ಮರ ಸೀಳಿದ ದಬ್ಬೆ, ದಪ್ಪ ರಟ್ಟು ಕೂಡ ನಡೆಯುತ್ತದೆ. ಒಳಗೆ ಮೆತ್ತನೆ ಬಟ್ಟೆ ಇಟ್ಟು, ಮುರಿದ ಜಾಗದ ಮೇಲಿನ ಕೀಲನ್ನೂ ಕೆಳಗಿನ ಕೀಲನ್ನೂ ಸೇರಿಸಿ ಕಟ್ಟಿ. ಮೊಣಕೈ ಮತ್ತು ಮಣಿಕಟ್ಟಿನ ನಡುವೆ ಮುರಿದಿದ್ದರೆ ಎರಡೂ ಅಲುಗಾಡಬಾರದು. ವಾರೆಯಾಗಿದೆ ಅಂತ ಎಳೆದು ಸರಿ ಮಾಡಲು ಹೋಗಬೇಡಿ.

ಎಲುಬು ಚರ್ಮ ಸೀಳಿ ಹೊರಬಂದಿದ್ದರೆ ಅದನ್ನು ಒಳಗೆ ತಳ್ಳಬಾರದು. ಅರಿಶಿನ, ಕಾಫಿಪುಡಿ ಯಾವುದೂ ಬೇಡ. ತೊಳೆದ ಬಟ್ಟೆ ಮುಚ್ಚಿ ಹೊರಡಿ. ಇಂಥ ಗಾಯಕ್ಕೆ ಆ್ಯಂಟಿಬಯಾಟಿಕ್ ಎಷ್ಟು ಬೇಗ ಸಿಕ್ಕರೆ ಅಷ್ಟು ಒಳ್ಳೆಯದು. ಆಪರೇಷನ್ ಬೇಕಾಗಬಹುದು, ಹಾಗಾಗಿ ದಾರಿಯಲ್ಲಿ ಊಟ, ಚಹಾ ಕೊಡಬೇಡಿ. ಹುಬ್ಬಳ್ಳಿಗೋ ಮಣಿಪಾಲಕ್ಕೋ ಹೋಗಬೇಕಾದವರೂ ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಸರಿಯಾದ ಆಸರೆ ಕಟ್ಟಿಸಿಕೊಂಡು ಹೋಗುವುದು ವಾಸಿ. ಘಟ್ಟದ ತಿರುವಿನಲ್ಲಿ ಮುರಿದ ಕಾಲು ಕುಲುಕಿದರೆ ನೋವಷ್ಟೇ ಅಲ್ಲ, ಒಳಗಿನ ರಕ್ತನಾಳಕ್ಕೂ ಪೆಟ್ಟಾಗಬಹುದು.

ಬಿಗಿ ಕಟ್ಟಿನ ಅಪಾಯ

ನಾಟಿ ವೈದ್ಯರ ಬಗ್ಗೆ ನಮ್ಮ ಕಡೆ ನಂಬಿಕೆ ಜಾಸ್ತಿ. ಸಣ್ಣ ಬಿರುಕು ಯಾರು ಕಟ್ಟಿದರೂ ಕೂಡುತ್ತದೆ, ಕಟ್ಟದಿದ್ದರೂ ಎಷ್ಟೋ ಸಲ ಕೂಡುತ್ತದೆ, ಹೆಸರು ಕಟ್ಟಿದವರಿಗೆ ಬರುತ್ತದೆ. ನನ್ನ ತಕರಾರು ಎರಡೇ: ಎಕ್ಸ್‌ರೇ ಇಲ್ಲದ ಅಂದಾಜು, ಮತ್ತು ಬಿದಿರು ಸೀಳಿನ ಬಿಗಿ ಕಟ್ಟು. ಬಾವು ಏರುತ್ತಾ ಹೋದಂತೆ ಕಟ್ಟು ಒಳಗಿನ ರಕ್ತ ಓಡಾಟವನ್ನೇ ನಿಲ್ಲಿಸಬಹುದು. ಬೆರಳು ತಣ್ಣಗಾದರೆ, ನೀಲಿಯಾದರೆ, ಜೋಮು ಹಿಡಿದರೆ, ಬೆರಳು ಮಡಚಿ ಬಿಡಿಸುವಾಗ ಪ್ರಾಣ ಹೋಗುವಷ್ಟು ನೋವಾದರೆ ಬೆಳಗಿನವರೆಗೆ ಕಾಯಬೇಡಿ. ಕಟ್ಟು ಸಡಿಲಿಸಿ ಆಸ್ಪತ್ರೆಗೆ ಓಡಿ. ಕೆಲವೇ ಗಂಟೆಗಳಲ್ಲಿ ಮಾಂಸಖಂಡ ಸತ್ತು ಹೋಗುತ್ತದೆ. ಆಸ್ಪತ್ರೆಯ ಪ್ಲಾಸ್ಟರ್‌ಗೂ ಇದೇ ಮಾತು. ಆದರೆ ಅದನ್ನು ನೀವೇ ಬಿಚ್ಚಲು ಹೋಗದೆ, ರಾತ್ರಿಯಾದರೂ ಸರಿ, ಅಲ್ಲಿಗೇ ವಾಪಸ್ ಹೋಗಿ.

ಒಳಗೆ ಏನಾಗುತ್ತದೆ

ಮುರಿದ ಜಾಗದಲ್ಲಿ ಮೊದಲು ರಕ್ತ ಹೆಪ್ಪುಗಟ್ಟುತ್ತದೆ. ಕೂಡುವ ಕೆಲಸ ಶುರುವಾಗುವುದು ಅಲ್ಲಿಂದಲೇ. ಆರಂಭದ ದಿನಗಳಲ್ಲಿ ಎಣ್ಣೆ ಹಾಕಿ ತಿಕ್ಕುವುದು ಹಾಗಾಗಿಯೇ ತಪ್ಪು. ಎರಡು ಮೂರು ವಾರದಲ್ಲಿ ಕಿವಿಯ ಮೇಲ್ಭಾಗದಲ್ಲಿರುವಂಥ ಮೆತ್ತನೆ ಮೃದ್ವಸ್ಥಿ ಎರಡು ತುದಿಗಳನ್ನು ಹಿಡಿದುಕೊಳ್ಳುತ್ತದೆ. ಆಮೇಲೆ ಅದರಲ್ಲಿ ಕ್ಯಾಲ್ಸಿಯಂ ತುಂಬಿ ಗಟ್ಟಿ ಗಂಟಾಗುತ್ತದೆ. ದೊಡ್ಡವರಿಗೆ ಮಣಿಕಟ್ಟಾದರೆ ಸುಮಾರು ಆರು ವಾರ, ಮೊಣಕಾಲ ಕೆಳಗಿನ ದಪ್ಪ ಎಲುಬಾದರೆ ಮೂರು ನಾಲ್ಕು ತಿಂಗಳು, ಕೆಲವರಿಗೆ ಇನ್ನೂ ಜಾಸ್ತಿ. ನೋವು ಇದಕ್ಕಿಂತ ಬಹಳ ಮೊದಲೇ ಹೋಗುತ್ತದೆ. ಎಡವಟ್ಟಾಗುವುದು ಅಲ್ಲೇ. ಅಡಿಕೆ ಗೊನೆ ಕೊಯ್ಲು ಬಂತು ಅಂತ ಪ್ಲಾಸ್ಟರ್ ಬಿಚ್ಚಿ ತೋಟಕ್ಕೆ ಇಳಿದರೆ, ಮೆತ್ತಗೆ ಇರುವ ಗಂಟು ಬಾಗುತ್ತದೆ.

ಮಕ್ಕಳ ಲೆಕ್ಕ ಬೇರೆ. ಹುಟ್ಟುವಾಗ 300ರ ಹತ್ತಿರ ಇರುವ ಎಲುಬುಗಳು ಬೆಳೆಯುತ್ತಾ ಒಂದಕ್ಕೊಂದು ಸೇರಿ 206 ಆಗುತ್ತವೆ. ಉದ್ದ ಎಲುಬಿನ ತುದಿಯಲ್ಲಿ ಬೆಳವಣಿಗೆಯ ಪದರ ಇರುತ್ತದೆ, ಹರೆಯ ಮುಗಿಯುವ ಹೊತ್ತಿಗೆ ಅದು ಮುಚ್ಚಿಕೊಳ್ಳುತ್ತದೆ. ಮಕ್ಕಳ ಎಲುಬು ಹಸಿ ಕಡ್ಡಿಯ ಹಾಗೆ ಒಂದು ಬದಿ ಸೀಳಿ ಇನ್ನೊಂದು ಬದಿ ಬಾಗಿ ನಿಲ್ಲಬಹುದು. ಬೇಗ ಕೂಡುತ್ತದೆ, ಸ್ವಲ್ಪ ವಾರೆಯಿದ್ದರೂ ಬೆಳೆಯುತ್ತಾ ನೇರವಾಗುತ್ತದೆ. ತಿರುಚಿಕೊಂಡಿದ್ದರೆ ಮಾತ್ರ ಹಾಗಾಗುವುದಿಲ್ಲ. ಪೆಟ್ಟು ಆ ಪದರಕ್ಕೇ ಬಿದ್ದಿದ್ದರೆ ಕೈ ಅಥವಾ ಕಾಲು ಗಿಡ್ಡವಾಗಬಹುದು. ಪೇರಲೆ ಮರದಿಂದ ಬಿದ್ದ ಮಗುವಿನ ಮೊಣಕೈ ಊದಿದ್ದರೆ ಉಳುಕು ಅಂತ ಸುಮ್ನೆ ಬಿಡಬೇಡಿ.

ಪ್ಲಾಸ್ಟರ್ ಇರುವಷ್ಟು ದಿನ

ಮೊದಲ ಎರಡು ಮೂರು ದಿನ ಕೈಕಾಲನ್ನು ದಿಂಬಿನ ಮೇಲೆ, ಎದೆಗಿಂತ ಎತ್ತರಕ್ಕೆ ಇಡಿ. ಬೆರಳು ಆಡಿಸುತ್ತಾ ಇರಿ. ಮಳೆಗಾಲದಲ್ಲಿ ಪ್ಲಾಸ್ಟರ್ ಒದ್ದೆಯಾಗದಂತೆ ನೋಡಿಕೊಳ್ಳುವುದೇ ದೊಡ್ಡ ಕೆಲಸ. ಬಿಸಿಯಾಗಲಿ ಅಂತ ಬಚ್ಚಲ ಒಲೆಯ ಮುಂದೆ ಕೂರಬೇಡಿ. ತುರಿಕೆಗೆ ಹಿಡಿಕಡ್ಡಿ ತೂರಿಸಬೇಡಿ, ಒಳಗೆ ಗಾಯವಾದರೆ ಕಾಣುವುದಿಲ್ಲ.

ಊಟದಲ್ಲಿ ಹಾಲು, ಮೊಸರು, ರಾಗಿ, ಎಳ್ಳು ಇರಲಿ. ಮೀನು ತಿನ್ನುವವರಿಗೆ ಮುಳ್ಳು ಸಮೇತ ಅಗಿಯಬಹುದಾದ ಸಣ್ಣ ಮೀನು ಒಳ್ಳೆಯದು. ದೊಡ್ಡವರಿಗೆ ದಿನಕ್ಕೆ ಸುಮಾರು 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಅದನ್ನು ಮೈ ಹೀರಿಕೊಳ್ಳಲು ವಿಟಮಿನ್ ಡಿ ಬೇಕು. ತಿಂಗಳುಗಟ್ಟಲೆ ಮೋಡ ಮುಚ್ಚಿರುವ ಊರಿನಲ್ಲಿ ಅದು ಕಡಿಮೆಯಾಗಿರಬಹುದು, ಡಾಕ್ಟರನ್ನು ಕೇಳಿ. ಬೀಡಿ, ಸಿಗರೇಟು ಬಿಡಲೇಬೇಕು. ಕವಳಕ್ಕೆ, ಅಂದರೆ ಎಲೆಅಡಿಕೆಗೆ, ಹಾಕುವ ತಂಬಾಕೂ ಅದೇ ಸಾಲಿನಲ್ಲಿದೆ. ನಿಕೋಟಿನ್ ರಕ್ತನಾಳ ಕುಗ್ಗಿಸುತ್ತದೆ, ಎಲುಬು ಕೂಡುವುದು ನಿಧಾನವಾಗುತ್ತದೆ.

ಪ್ಲಾಸ್ಟರ್ ಬಿಚ್ಚಿದಾಗ ಕಾಲು ಸೊರಗಿರುತ್ತದೆ, ಗಾಬರಿ ಬೇಡ. ಎಲುಬು ಭಾರ ಬಿದ್ದ ಕಡೆ ಗಟ್ಟಿಯಾಗುತ್ತದೆ, ಸುಮ್ಮನಿದ್ದರೆ ಸವೆಯುತ್ತದೆ. ಡಾಕ್ಟರು ಹೇಳಿದಷ್ಟು ಭಾರ ಹಾಕಿ ನಡೆಯುವುದೇ ಮುಂದಿನ ಔಷಧ.

ಅಜ್ಜಿಯರ ವಿಷಯ

ಅಂಗಳದಲ್ಲಿ ಜಾರಿದ ಅಜ್ಜಿಗೆ ಏಳಲು ಆಗುತ್ತಿಲ್ಲ, ಒಂದು ಕಾಲು ಗಿಡ್ಡವಾಗಿ ಪಾದ ಹೊರಗೆ ತಿರುಗಿದೆ ಎಂದರೆ ಅದು ಹೆಚ್ಚಾಗಿ ಸೊಂಟದ ಕೀಲಿನ ಹತ್ತಿರದ ಮುರಿತ. ವಯಸ್ಸಾಯಿತು ಅಂತ ಮನೆಯಲ್ಲೇ ಮಲಗಿಸಿದರೆ ಬೆನ್ನು ಹುಣ್ಣು, ನ್ಯುಮೋನಿಯಾ ಬರುತ್ತವೆ. ಒಂದೆರಡು ದಿನದಲ್ಲಿ ಆಪರೇಷನ್ ಆದರೆ ಮತ್ತೆ ನಡೆಯುವ ಸಾಧ್ಯತೆ ಚೆನ್ನಾಗಿರುತ್ತದೆ. ಮುಟ್ಟು ನಿಂತ ಮೇಲೆ ಹೆಂಗಸರ ಎಲುಬು ಬೇಗ ಸವೆಯುತ್ತದೆ. ನಿಂತಲ್ಲಿಂದ ಬಿದ್ದಷ್ಟಕ್ಕೇ ಮಣಿಕಟ್ಟು ಮುರಿದಿದ್ದರೆ, ಪ್ಲಾಸ್ಟರ್ ಹಾಕಿಸಿಕೊಂಡು ಸೀದಾ ಮನೆಗೆ ಬರಬೇಡಿ, ಎಲುಬಿನ ಸವೆತಕ್ಕೂ ಔಷಧ ಬೇಕಾ ಅಂತ ಅಲ್ಲೇ ಕೇಳಿ. ಅಂಗಳಕ್ಕೆ ಜಿಟಿಜಿಟಿ ಮಳೆ ಹಿಡಿಯುವ ಮೊದಲೇ ದಬ್ಬೆ ಹಾಸಿಬಿಡಿ.